ಧೂಳಿನ ತಾಳಿ

ಅಕ್ಕನ ಚಿನ್ನವಾದರೂ ಅಕ್ಕಸಾಲಿಗ ಬಿಡನಂತೆ. ಬಂಗಾರಪೇಟೆಯಲ್ಲಿ ಅಕ್ಕಸಾಲಿಗನ ಹೆಂಡತಿಯಾಗಿ ಬಾಳಿದ ನನಗೆ ಈ ಗಾದೆಯನ್ನು ಬಸ್ಸಿನಲ್ಲಿ, ನಲ್ಲಿಯ ಹತ್ತಿರ, ಮದುವೆಮನೆಯಲ್ಲಿ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಹಲ್ಲು ಕಿಸಿದು ಹೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೆ: ಯುಗಾದಿಗೆ ಮುಂಚೆ ನಮ್ಮ ಬೀದಿಗೆ ಬಂದು ನೋಡಿ, ಆಮೇಲೆ ಮಾತಾಡಿ.

ಯುಗಾದಿಗೆ ಮುಂಚೆ ನಮ್ಮ ಅಕ್ಕಸಾಲಿಗರ ಸಂಘದವರು ಧೂಳು ತೊಳೆಸುತ್ತಿದ್ದರು. ಚಿನ್ನದ ಕೆಲಸದ ಅಂಗಡಿಯ ಕಸವನ್ನು ಯಾರೂ ಬೀದಿಗೆ ಎಸೆಯುವುದಿಲ್ಲ. ಅರ ಹಾಕಿದಾಗ ಉದುರಿದ್ದು, ಕೈ ತೊಳೆದ ನೀರಿನ ತಳದಲ್ಲಿ ನಿಂತದ್ದು, ಕೂತು ಸವೆಸಿದ ಚಾಪೆ, ಎಲ್ಲದರಲ್ಲೂ ಚಿನ್ನದ ಪುಡಿ ಸೇರಿಕೊಂಡಿರುತ್ತದೆ. ಬೇರೆ ಊರಿನಲ್ಲಿ ಅದನ್ನು ಅವರವರೇ ಮಾರಿಕೊಳ್ಳುತ್ತಾರೆ. ನಮ್ಮಲ್ಲಿ ವರ್ಷವಿಡೀ ಕೂಡಿಟ್ಟದ್ದನ್ನು ಕಾಳಮ್ಮನ ಗುಡಿಯ ಅಂಗಳಕ್ಕೆ ತಂದು ಒಂದೇ ಗುಡ್ಡೆಗೆ ಸುರಿಯಬೇಕು. ಧೂಳು ತೊಳೆದು ಚಿನ್ನ ತೆಗೆಯುವ ಜಾಲಗಾರ ಬರುತ್ತಿದ್ದ. ಅವನು ತೆಗೆದುಕೊಟ್ಟ ಚಿನ್ನದಲ್ಲಿ ಬಡವರ ಮನೆಯ ಹೆಣ್ಣುಮಕ್ಕಳಿಗೆ ತಾಳಿಯ ಬೊಟ್ಟು ಮಾಡಿ ಕೊಡುತ್ತಿದ್ದರು. ಜಾತಿ ಕೇಳುತ್ತಿರಲಿಲ್ಲ. ಚಿನ್ನದ ಗಣಿಯ ಕೂಲಿ ಮನೆಗಳ ಲೈನುಗಳಲ್ಲಿದ್ದ ತಮಿಳಿನವರಿಗೆ ಅವರ ಮಾದರಿಯದು, ಬೇತಮಂಗಲದ ಕಡೆಯವರಿಗೆ ಅವರದು. ತಾಳಿಯ ಚಿನ್ನ ಧೂಳಿನದ್ದೇ ಆಗಿರಬೇಕು, ಕೊಂಡದ್ದಾಗಬಾರದು ಅನ್ನುವುದು ಹಿರಿಯರು ಮಾಡಿಟ್ಟ ಕಟ್ಟಳೆ. ಯಾರ ಅಂಗಡಿಯ ಪುಡಿ ಯಾವ ಹುಡುಗಿಯ ಕೊರಳಿಗೆ ಹೋಯಿತು ಅಂತ ಯಾರಿಗೂ ಗೊತ್ತಾಗದಿರಲಿ, ಯಾರೂ ಎದೆಯುಬ್ಬಿಸದಿರಲಿ ಅಂತ.

ಧೂಳು ತೊಳೆಯುವ ದಿನ ಗುಡಿಯ ಹಿಂದೆ ನಾವು ಹೆಂಗಸರೆಲ್ಲ ಸೇರಿ ಅಡುಗೆ ಮಾಡುತ್ತಿದ್ದೆವು. ಗಂಡಸರು ತೊಳೆಯುವ ತೊಟ್ಟಿಯ ಸುತ್ತ ಕುಕ್ಕರಗಾಲಲ್ಲಿ ಕೂತು ಜಾಲಗಾರನಿಗೇ ಬುದ್ಧಿ ಹೇಳುತ್ತಿದ್ದರು. ಸಂಘದಲ್ಲಿ ಯಾರಾದರೂ ತೀರಿಕೊಂಡರೆ ಬೀದಿಯ ಬಾಗಿಲುಗಳೆಲ್ಲ ಮುಚ್ಚುತ್ತಿದ್ದವು. ನನ್ನ ಗಂಡ ಹೋದಾಗಲೂ ಮುಚ್ಚಿದವು. ಹೆಗಲು ಕೊಟ್ಟವರು ಅವರೇ, ತಿಥಿಯವರೆಗೆ ನಮ್ಮ ಮನೆಗೆ ಊಟ ಕಳಿಸಿದವರು ಅವರೇ. ಸಂಘ ಮಾಡಿದ ಕೊನೆಯ ಒಳ್ಳೆ ಕೆಲಸ ಅದು.

ಆ ಹೊತ್ತಿಗಾಗಲೇ ಬೀದಿ ಬರಿದಾಗಿತ್ತು, ಧೂಳು ತೊಳೆಸುವುದೂ ನಿಂತಿತ್ತು. ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳಲ್ಲಿ ಸಿದ್ಧ ಒಡವೆ ಸಿಗುವಾಗ ಯಾರು ತಾನೇ ಅಗ್ಗಿಷ್ಟಿಕೆಯ ಮುಂದೆ ಕಾದು ಕೂರುತ್ತಾರೆ? ಒಂದು ಅಂಗಡಿಯಲ್ಲಿ ಮೊಬೈಲ್ ರಿಪೇರಿ, ಇನ್ನೊಂದರಲ್ಲಿ ಜೆರಾಕ್ಸ್. ಉಳಿದ ನಾಲ್ಕಾರು ಮಂದಿ ಹರಿದ ಸರಕ್ಕೆ ಬೆಸುಗೆ ಹಾಕಿಕೊಂಡು, ಕವರಿಂಗ್ ಬಳೆಗೆ ಹೊಳಪು ಕೊಟ್ಟುಕೊಂಡು ಕೂತಿದ್ದರು.

ಅಂಥ ಕಾಲದಲ್ಲಿ ನಂದಿದುರ್ಗ ಗಣಿಯ ಲೈನಿನಿಂದ ಒಬ್ಬ ಹೆಂಗಸು ಗುಡಿಗೆ ಬಂದಳು. ಗಂಡ ಇಲ್ಲ. ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಯಾವುದೋ ಆಫೀಸಿನ ನೆಲ ಒರೆಸಿ ಬರುತ್ತಾಳೆ. ಅವಳ ಅಕ್ಕನ ಮದುವೆಗೆ ನಮ್ಮ ಸಂಘವೇ ಬೊಟ್ಟು ಕೊಟ್ಟಿತ್ತಂತೆ. ಈಗ ಮಗಳಿಗೆ ವೈಶಾಖದಲ್ಲಿ ಲಗ್ನ. ಗಂಡಿನ ಕಡೆಯವರು ಏನೂ ಕೇಳಿಲ್ಲ, ತವರಿನ ಬೊಟ್ಟೊಂದು ಹಾಕಿ ಕಳಿಸಿ ಅಂದಿದ್ದಾರೆ. ಸಂಘದ ಯಜಮಾನರು, ನನ್ನ ಗಂಡನಿಗೆ ಕೆಲಸ ಕಲಿಸಿದವರು, ಹಿಂದುಮುಂದು ನೋಡದೆ ದೇವಿಯ ಮುಂದೆ ಅವಳ ಕೈಗೆ ವೀಳ್ಯ ಕೊಟ್ಟುಬಿಟ್ಟರು. ವೀಳ್ಯ ಕೊಟ್ಟರೆ ಮಾತು ಕೊಟ್ಟ ಹಾಗೆ. ಅವಳು ಕಣ್ಣೊರೆಸಿಕೊಂಡು ಹೋದಳು.

ಮತ್ತೆ ಧೂಳು ಕೂಡಿಸಿದರು. ಎರಡು ವರ್ಷದಿಂದ ಬೀಗ ಹಾಕಿದ್ದ ನಮ್ಮ ಅಂಗಡಿಯನ್ನೂ ತೆಗೆದು ಮೂಲೆಮೂಲೆ ಗುಡಿಸಿದೆ. ಕೈ ತೊಳೆಯುವ ಗಡಿಗೆಯ ತಳ ಕೆರೆದೆ. ನನ್ನ ಗಂಡ ಕೂರುತ್ತಿದ್ದ ಚಾಪೆಯನ್ನು ಸುಟ್ಟು ಬೂದಿ ಮಾಡಿ ಬುಟ್ಟಿಗೆ ಹಾಕಿಕೊಂಡೆ. ಸುಡುವಾಗ ಅತ್ತೆ, ನಿಜ. ಆದರೂ ಒಳಗೊಳಗೇ ಒಂದು ಸಂತೋಷ: ಅವನ ಕೈಯಿಂದ ಉದುರಿದ್ದು ಒಂದು ಹುಡುಗಿಯ ಕೊರಳಿಗೆ ಹೋಗುತ್ತದಲ್ಲ.

ಜಾಲಗಾರನಿಗೆ ವಯಸ್ಸಾಗಿತ್ತು. ನಮ್ಮ ಬುಟ್ಟಿಯ ಧೂಳನ್ನು ಅಂಗೈಯಲ್ಲಿ ಉಜ್ಜಿ ನೋಡಿ, ನನ್ನ ಮುಖ ನೋಡದೆ ಹೇಳಿದ.

“ಇದ್ರಾಗೆ ಏನಿಲ್ಲ ಕಣಮ್ಮಾ. ಬರೀ ಇತ್ತಾಳೆ ಪುಡಿ.”

ನನ್ನ ಗಂಡ ಬೆಳಗ್ಗೆ ತಿಂಡಿ ತಿಂದು ಅಂಗಡಿಗೆ ಹೋಗುತ್ತಿದ್ದ, ಸಂಜೆ ಬಂದು “ಇವತ್ತು ಪರವಾಗಿಲ್ಲ” ಅನ್ನುತ್ತಿದ್ದ. ಎಷ್ಟು ವರ್ಷ ಹಾಗೆ ಚಿನ್ನ ಮುಟ್ಟದೆ ಕೂತು ಎದ್ದು ಬಂದಿದ್ದನೋ. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಲು ಈಗ ಅವನಿಲ್ಲ. ಗುಡಿಯ ಕಂಬಕ್ಕೆ ಒರಗಿ ಕೂತುಬಿಟ್ಟೆ.

ಎಲ್ಲರದೂ ಅದೇ ಕಥೆ. ಪಾದರಸ ಹಾಕಿ ತೊಳೆದರು, ಬಿಳಿಗಾರ ಹಾಕಿ ಮೂಸೆಯಲ್ಲಿ ಕಾಯಿಸಿದರು. ಕೊನೆಗೆ ತಳದಲ್ಲಿ ಉಳಿದದ್ದು ಸಾಸಿವೆ ಕಾಳಿನಷ್ಟು. ಅದರಲ್ಲಿ ಬೊಟ್ಟಿರಲಿ, ಬೊಟ್ಟಿನ ಕೊಂಡಿಯೂ ಆಗುವುದಿಲ್ಲ. ಎಲ್ಲರೂ ಒಂದೊಂದು ಉಂಗುರ ಹಾಕೋಣ ಅಂದ ಒಬ್ಬ. ಉಂಗುರ ಇದ್ದವರು ಯಾರು? ಬೆರಳೆಲ್ಲ ಬೋಳು. ಊರಿಗೆಲ್ಲ ಒಡವೆ ಮಾಡಿದವರ ಒಡವೆಗಳು ಅಡವಿನ ಅಂಗಡಿಯಲ್ಲಿ ಕೂತಿದ್ದವು.

ನನ್ನ ಹತ್ತಿರ ಒಂದು ಇತ್ತು. ಗಂಡ ಹೋದ ಮೇಲೆ ಕೊರಳಿನಿಂದ ತೆಗೆದ ನನ್ನ ತಾಳಿ, ಅವನೇ ಮಾಡಿದ್ದು. ಮನೆಗೆ ಹೋಗಿ ತಂದು ಯಜಮಾನರ ಮುಂದೆ ಇಟ್ಟೆ.

“ಇದನ್ನ ಕರಗಿಸಿ ಮಾವ. ನಮ್ಮ ಅಂಗಡಿ ಧೂಳು ಅಂತ್ಲೇ ಅಂದ್ಕೊಳ್ಳಿ.”

ಅವರು ಹಾವು ಕಂಡವರಂತೆ ಹಿಂದೆ ಸರಿದರು. “ಮುಂಡೇರ ತಾಳಿ ಮದ್ಲಿಂಗಿತ್ತಿಗಾ? ಎಂಗಮ್ಮಾ ಬಾಯಿ ಬಂತು ನಿಂಗೆ?”

ನನಗೆ ರೇಗಿತು. “ಯಾಕೆ ಮಾವ, ಹಳೇ ಚಿನ್ನ ಕೊಂಡು ಕರಗಿಸ್ತಿದ್ರಲ್ಲ, ಅವಾಗ ಯಾರ ಕೊರಳಿಂದು ಅಂತ ಕೇಳ್ತಿದ್ರಾ? ಈ ಊರಲ್ಲಿ ಎಷ್ಟು ಮುತ್ತೈದೇರ ಕೊರಳಲ್ಲಿ ಎಷ್ಟು ಮುಂಡೇರ ಚಿನ್ನ ಐತೋ, ಹೇಳಿ ನೋಡಾನ!”

ಯಜಮಾನರು ತಮ್ಮ ಅಂಗೈ ನೋಡಿಕೊಂಡರು. “ಗೊತ್ತಿಲ್ದೆ ಮಾಡಿದ್ದು ಬೇರೆ ಕಣಮ್ಮಾ,” ಅಂದರು. “ಗೊತ್ತಿದ್ದೂ ಮಾಡಕ್ಕೆ ಈ ಕೈ ಏಳಲ್ಲ. ಇಲ್ಲಿ ಯಾರ ಕೈನೂ ಏಳಲ್ಲ.”

ಸುತ್ತ ನೋಡಿದೆ. ನನ್ನ ಗಂಡನ ಜೊತೆ ಆಡಿ ಬೆಳೆದವರು, ಅವನ ಚಟ್ಟ ಹೊತ್ತವರು. ಒಬ್ಬರೂ ಮುಂದೆ ಬರಲಿಲ್ಲ. ಅವರೇನು ಕೆಟ್ಟವರಲ್ಲ, ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಮುಂದಿನ ಭಾನುವಾರ ತಾಳಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಮಾರಿಕುಪ್ಪಂ ರೈಲು ಹತ್ತಿದೆ. ಉರಿಗಾಂನಲ್ಲಿ ಇಳಿದು, ಗಣಿಯ ಕಸದ ಮಣ್ಣು ಸುರಿದ ಸೈನೈಡ್ ದಿಬ್ಬದ ಬೂದಿ ಗಾಳಿಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಬೊಟ್ಟು ಕೇಳಲು ಬಂದಿದ್ದವಳ ಲೈನು ಹುಡುಕಿದೆ. ಬಾಗಿಲಲ್ಲೇ ಎಲ್ಲ ಹೇಳಿದೆ. ಸುಳ್ಳು ಹೇಳಿದ್ದರೆ ಕೆಲಸ ಆಗುತ್ತಿತ್ತೇನೋ. ಆದರೆ ಅವಳೂ ನನ್ನಂತೆ ಬೋಳು ಕೊರಳಿನವಳು, ಅವಳ ಎದುರಿಗೆ ಬಾಯಿಗೆ ಸುಳ್ಳು ಬರಲಿಲ್ಲ. ಬೇರೆ ಊರಲ್ಲಿ ಯಾರ ಕೈಯಲ್ಲಾದರೂ ಕರಗಿಸಿ ಹೊಸದು ಮಾಡಿಸಿಕೋ ಅಂದೆ.

ಅವಳು ತಾಳಿಯನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು. ಒಳಗೆ ಮಗಳು ಬಟ್ಟೆ ಮಡಚುತ್ತಿದ್ದಳು.

“ನಂಗೇನಿಲ್ಲಕ್ಕಾ,” ಅಂದಳು ಮೆಲ್ಲಗೆ. “ಆದ್ರೆ ನಾಳೆ ಆ ಉಡುಗನಿಗೆ ಒಂದು ಜ್ವರ ಬಂದ್ರೂ ನಾನು ಇದನ್ನೇ ನೆನಸ್ಕೊಂತೀನಿ. ಬದುಕಿರೋಗಂಟ ನೆನಸ್ಕೊಂತೀನಿ.” ತಾಳಿಯನ್ನು ಮತ್ತೆ ನನ್ನ ಸೆರಗಿಗೆ ತಾನೇ ಗಂಟು ಹಾಕಿದಳು. “ಪರ್ವಾಲೇದಕ್ಕಾ. ಅರಿಶಿನದ ಕೊಂಬು ಕಟ್ಟಿಸ್ತೀನಿ. ನೀವು ಮದ್ವೆಗೆ ಬರ್ಬೇಕು. ಸಂಘದೋರ್ಗೂ ಏಳಿ. ಎಲ್ರೂ ಬರ್ಬೇಕು.”

ಯಜಮಾನರಿಗೆ ಹೇಳಿದೆ. ತಲೆಯಾಡಿಸಿದರು. ಬೀದಿಯಲ್ಲಿ ಉಳಿದವರಿಗೂ ಹೇಳಿದೆ. ಮದುವೆಯ ದಿನ ಸ್ಟೇಷನ್ನಿನಲ್ಲಿ ಕಾದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಮಾತು ತಪ್ಪಿದ ಮುಖ ಹೊತ್ತು ಹೇಗೆ ಬಂದಾರು? ರೈಲು ಹೊರಟಾಗ ಒಬ್ಬಳೇ ಹತ್ತಿದೆ.

ಲೈನಿನ ಮಾರಿಯಮ್ಮನ ಗುಡಿಯಲ್ಲಿ ಮದುವೆ. ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಹುಡುಗ ಮೂರು ಗಂಟು ಹಾಕಿದ. ಗಂಡಿನ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹಿಂದೆ, ಗೋಡೆಯ ಮಗ್ಗುಲಲ್ಲಿ ನಿಂತೇ ಅಕ್ಷತೆ ಹಾಕಿದೆ.

ಊಟದ ಹೊತ್ತಿಗೆ ಅವಳು ಜನರ ನಡುವೆ ನುಗ್ಗಿ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಶಾಮಿಯಾನದ ಕೆಳಗೆ ಮೊದಲ ಸಾಲಿನಲ್ಲಿ ಎಲೆಗಳೆಲ್ಲ ಹಾಕಿದ್ದವು, ಯಾರೂ ಕೂತಿರಲಿಲ್ಲ. ಕೂರಲು ಬಂದ ಅವಳ ನೆಂಟರನ್ನೇ ಅವಳು ಎಬ್ಬಿಸಿ ಹಿಂದಕ್ಕೆ ಕಳಿಸುತ್ತಿದ್ದಳು.

“ಇದು ಸಂಘದೋರ್ದು,” ಅಂತ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. ನನ್ನನ್ನು ತುದಿಯ ಎಲೆಗೆ ಕೂರಿಸಿ ಕೇಳಿದಳು, “ಮುಂದಿನ ರೈಲ್ಗೆ ಬತ್ತಾವ್ರಾ ಅಕ್ಕಾ?”

ಬಡಿಸುವವರು ಖಾಲಿ ಎಲೆಗಳನ್ನೂ ಬಿಡದೆ ಅನ್ನ ಹಾಕಿಕೊಂಡು, ಸಾರು ಬಿಟ್ಟುಕೊಂಡು ಬಂದರು. ಅವಳು ಇನ್ನೂ ನನ್ನ ಮುಂದೆ ನಿಂತಿದ್ದಳು. ನಾನು ಹೂಂ ಅಂದೆ.