ಉಜ್ಜಿ ತೊಳೆದ ಬೇರು

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಬೇರಕ್ಕ ಎಂದು. ಹೊಸಬರು ಅದನ್ನು 'ಬೇರೆ ಅಕ್ಕ' ಎಂದು ಕೇಳಿಸಿಕೊಂಡು, ಹಾಗಾದರೆ ಮೊದಲನೆಯ ಅಕ್ಕ ಯಾರೆಂದು ಹುಡುಕಾಡಿದ್ದೂ ಉಂಟು. ಕುಂಡದಿಂದ ಕಿತ್ತ ಸಸಿಗಳ ಬೇರು ತೊಳೆದು ವಿಜ್ಞಾನಿಗಳ ಮೇಜಿಗೆ ಮುಟ್ಟಿಸುವುದು ಹತ್ತೊಂಬತ್ತು ವರ್ಷಗಳಿಂದ ಆಕೆಯ ಕೆಲಸ. ಕೈ ಬಲು ಚೊಕ್ಕ. ಆಕೆ ತೊಳೆದ ಬೇರಿನಲ್ಲಿ ಒಂದು ಕಣ ಮಣ್ಣು ತೋರಿಸಿದವರಿಲ್ಲ.

ಆ ವರ್ಷ ಬಂದ ಡಾಕ್ಟರ್ ಮೇಡಂ ಆಕೆಯ ಮಗಳ ವಯಸ್ಸಿನವರು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾವನ್ನು ಗೋಧಿ ಬೀಜಕ್ಕೆ ಸವರಿ ಬಿತ್ತಿ, ಅವು ಬೇರಿನಲ್ಲಿ ಎಲ್ಲಿ ನೆಲೆಯೂರುತ್ತವೆ ಎಂದು ನೋಡುತ್ತಿದ್ದರು. ಬಟಾಣಿ, ಕಡಲೆಗಳಾದರೆ ಇಂಥವಕ್ಕೆ ಬೇರಿನಲ್ಲೇ ಗಂಟು ಕಟ್ಟಿ ಮನೆ ಮಾಡಿಕೊಡುತ್ತವೆ. ಗೋಧಿ ಹಾಗಲ್ಲ, ಬಂದವು ಬೇರಿನ ಮೈಗೆ ಅಂಟಿಕೊಂಡೇ ದಿನ ತಳ್ಳಬೇಕು. ಎರಡು ಸಲ ಬೆಳೆಸಿದರೂ ಬೇರಿನಲ್ಲಿ ಅವು ಸಿಗಲಿಲ್ಲ ಎನ್ನುವಷ್ಟು ಕಡಿಮೆ.

"ಎಲೆ ಹಸಿರಾಗೇ ಇದೆ, ಬೇರಲ್ಲಿ ಮಾತ್ರ ಏನೂ ಇಲ್ಲ," ಎಂದು ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು.

ಕಾರಣವೇನೆಂದು ಬೇರಕ್ಕನಿಗೆ ಹೊಳೆಯಿತು. ಯಾರೂ ತನ್ನನ್ನು ಕೇಳಿರಲಿಲ್ಲ. ಹೇಳಿದರೆ ಇಷ್ಟು ವರ್ಷದ ಒಳ್ಳೆಯ ಹೆಸರಿಗೆ ಮಸಿ. ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಮೂರನೆಯ ದಿನ ಬೆಳಿಗ್ಗೆ ಮೇಜಿನ ಮುಂದೆ ನಿಂತಳು.

"ಮೇಡಂ, ಈ ಬೇರು ಕೈಗೆ ಲೋಳೆಲೋಳೆಯಾಗಿ ಹತ್ತುತ್ತೆ. ಮಣ್ಣು ಕಾಲುಚೀಲದ ಹಾಗೆ ಕಚ್ಚಿಕೊಂಡಿರುತ್ತೆ. ನಾನು ನಲ್ಲಿ ಪೂರ್ತಿ ಬಿಟ್ಟು ಉಜ್ಜಿ ತೆಗೀತಿದ್ದೆ. ನಿಮ್ಮ ಬ್ಯಾಕ್ಟೀರಿಯಾನೆಲ್ಲ ನಾನೇ ಮೋರಿಗೆ ಕಳಿಸಿದ್ದೀನಿ ಅನ್ಸುತ್ತೆ."

ಮೇಡಂ ಎದ್ದು ಹೋಗಿ ತೊಟ್ಟಿಯ ನಲ್ಲಿಯನ್ನು ತಿರುಗಿಸಿ ನೋಡಿದರು. ಆಮೇಲೆ, "ಅಯ್ಯೋ ಅಕ್ಕಾ, ಹೇಗೆ ತೊಳೀಬೇಕು ಅಂತ ನಾನೂ ಒಂದು ದಿನ ಹೇಳಲಿಲ್ವಲ್ಲ!" ಎಂದರು.

ಮೂರನೆಯ ಬೆಳೆಗೆ ಬೇರಕ್ಕ ನಲ್ಲಿ ಮುಟ್ಟಲಿಲ್ಲ. ಬೇರನ್ನು ತಟ್ಟೆಯ ನೀರಲ್ಲಿ ನೆನೆಯಿಟ್ಟು, ಮಣ್ಣು ತಾನಾಗಿ ಬಿಡುವವರೆಗೆ ಕಾದಳು. ಒಂದು ಗಂಟೆಯ ಕೆಲಸಕ್ಕೆ ಇಡೀ ದಿನ ಹಿಡಿಯಿತು. ಬಣ್ಣ ಹಾಕಿದರೆ ನೀಲಿಗೆ ತಿರುಗುವಂತೆ ಆ ಬ್ಯಾಕ್ಟೀರಿಯಾವನ್ನು ಮೊದಲೇ ಗುರುತು ಮಾಡಿದ್ದರು. ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿ, ಆಕೆಯನ್ನೂ ಕರೆದರು.

ಮೊದಲು ಕಂಡದ್ದು ತನ್ನದೇ ಕಣ್ಣರೆಪ್ಪೆಯ ಕೂದಲು. ಆಮೇಲೆ ಬೇರಿನ ರೋಮಗಳ ನಡುವೆ ನೀಲಿ ಚುಕ್ಕೆ. ಎಳೆಯ ಕವಲುಬೇರು ಸಿಪ್ಪೆ ಒಡೆದು ಹೊರಬರುವ ಬಿರುಕಿನಲ್ಲಂತೂ ನೀಲಿಯೋ ನೀಲಿ.

"ಸಂದಿಯಲ್ಲಿ ಇಷ್ಟು ಭದ್ರವಾಗಿ ಕೂತವೂ ಹೋಗಿದ್ವಾ?"

"ಒಳಗೆ ಹೊಕ್ಕವು ಅಲ್ಪಸ್ವಲ್ಪ ಉಳಿದಿದ್ವು. ಹೊರಗಿನವು ನಿಮ್ಮ ಕೈಗೆ ಸಿಕ್ಕರೆ ಉಳೀತಾವಾ?"

ಇಬ್ಬರೂ ನಕ್ಕರು. ತೊಳೆಯುವ ಕ್ರಮವನ್ನು ಆಕೆ ಹೇಳಿದಂತೆ ಬರೆದು ಮೇಡಂ ತೊಟ್ಟಿಯ ಮೇಲಿನ ಗೋಡೆಗೆ ಅಂಟಿಸಿದರು. ಅದನ್ನು ಓದುವ ವ್ಯವಧಾನ ಯಾರಿಗೂ ಇಲ್ಲ, ಬೇರಕ್ಕನನ್ನೇ ಕೇಳುತ್ತಾರೆ.