ಡ್ರಮ್ಮಿನ ಮೇಲಿನ ಮೂರು ಗೆರೆ

ಮಸ್ಕಿಯಿಂದ ಸಿಂಧನೂರಿಗೆ ಬಾಡಿಗೆ ಕಾರು ಓಡಿಸುವ ಶಿವಶರಣಪ್ಪ ಯಾವ ಮೆಕ್ಯಾನಿಕನನ್ನೂ ನಂಬಿದವನಲ್ಲ. ಗ್ಯಾರೇಜಿನಲ್ಲಿ ಅದಲುಬದಲಾಗದಿರಲೆಂದು ಪ್ರತಿ ಬಿಡಿಭಾಗದ ಮೇಲೂ ಮೊಳೆಯಿಂದ ವಿಭೂತಿಯಂತೆ ಮೂರು ಅಡ್ಡಗೆರೆ ಗೀರಿ, ನಡುವೆ ಚುಕ್ಕೆ ಕುಟ್ಟಿಯೇ ಗಾಡಿಗೆ ಹಾಕಿಸುತ್ತಿದ್ದ. ಲಿಂಗಸುಗೂರಿನ ಅಂಗಡಿಯವನು ಒರಿಜಿನಲ್ ಎಂದು ಕೊಟ್ಟ ಬ್ರೇಕ್ ಡ್ರಮ್ ಮಳೆಗಾಲ ಕಳೆಯುವುದರೊಳಗೆ ಸವೆದುಹೋದಾಗ, "ಈ ಅಂಗಡಿಯವ್ರ ಸಾವಾಸನ ಬ್ಯಾಡ" ಎಂದು ಸಿಡುಕಿ, ಮೊಬೈಲಿನಲ್ಲೇ ಹೊಸದೊಂದನ್ನು ತರಿಸಿದ.

ಪೆಟ್ಟಿಗೆಯ ಸೀಲು ಭದ್ರವಾಗಿತ್ತು. ಡ್ರಮ್ಮಿನ ಕಪ್ಪು ಬಣ್ಣ ಥಳಥಳ ಹೊಳೆಯುತ್ತಿತ್ತು. ಗುರುತು ಹಾಕಲು ಮೊಳೆ ಊರಿ ಎಳೆದರೆ ಬಣ್ಣ ಸಿಪ್ಪೆಯಂತೆ ಎದ್ದಿತು. ಅದರಡಿಯಲ್ಲಿ ಮೂರು ಗೆರೆ, ನಡುವೆ ಚುಕ್ಕೆ! ಅವನು ಡ್ರಮ್ಮನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡಿದ.

"ಯಾಕ್ರೀ, ಬ್ಯಾರೆ ಗಾಡೀದು ಬಂದೈತೇನು?" ಎಂದಳು ಹೆಂಡತಿ ಶೇಖರಮ್ಮ.

"ನಮ್ಮ ಗಾಡೀದ ಐತಿಬೇ! ಹ್ವಾದ ವರ್ಷ ಸೀಳೈತಂತ ನಾನ ಗುಜರಿಗೆ ಹಾಕಿದ್ದು, ಬಣ್ಣ ಬಳಕೊಂಡು ಮನಿಗೆ ಬಂದೈತಿ."