ಅಕ್ಕ ಕಟ್ಟಿಕೊಟ್ಟ ಗಿಟಾರ್

ಗಾಜಿನ ಸಾಮಾನಿನ ಗೋದಾಮಿನಲ್ಲಿ ಎಲ್ಲರಿಗೂ ಅವಳು 'ಪ್ಯಾಕಿಂಗ್ ಅಕ್ಕ'. ಅವಳು ಕಟ್ಟಿದ ಡಬ್ಬದಲ್ಲಿ ಲೋಟ ಒಡೆದಿತ್ತೆಂದು ಯಾರಾದರೂ ಹೇಳಲಿ ನೋಡೋಣ! ಕೂತಲ್ಲಿ ಕೂರುವ ಜೀವವಲ್ಲ ಅದು. ಊಟ ಮಾಡುವಾಗಲೂ ಎಡಗೈ ಕಾಗದ ಮುದುರುತ್ತಿರುತ್ತದೆ. ಆದರೆ ಈ ವಾರ ಅವಳನ್ನು ಹಿಡಿದಿದ್ದ ಚಡಪಡಿಕೆಯೇ ಬೇರೆ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ಉಳಿದವನು ಫ್ರಿಜ್ ರಿಪೇರಿ ಮಾಡುವ ತಮ್ಮನೊಬ್ಬನೇ. ಅವನು ಮೊದಲು ಬೈಕು ಮಾರಿದ. ಆಮೇಲೆ ತನ್ನ ಮಂಚ. ಈಗ ಗಿಟಾರಿಗೂ ಆನ್‌ಲೈನಿನಲ್ಲಿ ಗಿರಾಕಿ ಹಿಡಿದಿದ್ದ. ಹೀಗೆ ಒಂದೊಂದೇ ಮಾರುವವನು ಮನೆ ಬಿಡದೆ ಇರುತ್ತಾನೆಯೇ? ಕೇಳೋಣವೆಂದರೆ ಬಾಯಿ ಬರಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟಾನು!

"ಅಕ್ಕಾ, ಸ್ವಲ್ಪ ಪ್ಯಾಕ್ ಮಾಡ್ಕೊಡೇ. ಕೊರಿಯರ್ ಖರ್ಚು ನಂದೇ ಅಂತ ಒಪ್ಕೊಂಡಿದ್ದೀನಿ, ಕಮ್ಮೀಲಿ ಮುಗೀಬೇಕು," ಅಂದ ತಮ್ಮ.

ಅವಳು ಹೂಂ ಅಂದಳು. ಅಂದು ಮಾಡಿದ್ದೇನು ಗೊತ್ತೇ? ಗೋದಾಮಿನಲ್ಲಿದ್ದುದರಲ್ಲೇ ದೊಡ್ಡ ಪೆಟ್ಟಿಗೆ ತಂದು, ಹಳೆಯ ದಿಂಬು, ಸ್ಪಂಜು, ಕಂಬಳಿ ಎಲ್ಲ ತುರುಕಿ, ಅದರ ಮೇಲೆ ರಟ್ಟಿನ ಇನ್ನೊಂದು ಪದರ ತೊಡಿಸಿದಳು. ಕೊರಿಯರ್‌ನವರು ಹಗುರ ಸಾಮಾನಾದರೂ ಪೆಟ್ಟಿಗೆಯ ಗಾತ್ರ ನೋಡಿ ದುಡ್ಡು ಕೀಳುತ್ತಾರೆಂಬುದು ಅವಳಿಗೆ ಗೊತ್ತಿಲ್ಲದ್ದೇ? ಖರ್ಚು ಏರಿದರೆ ವ್ಯಾಪಾರ ಮುರಿಯುತ್ತದೆ, ವ್ಯಾಪಾರ ಮುರಿದರೆ ತಮ್ಮ ಮನೆಯಲ್ಲೇ ಉಳಿಯುತ್ತಾನೆ. ಎಂಥ ಲೆಕ್ಕಾಚಾರ ನೋಡಿ!

ಕೊರಿಯರ್ ಅಂಗಡಿಯವನು ಅಳತೆ ಹಿಡಿದು ನಕ್ಕುಬಿಟ್ಟ. "ಒಳಗೆ ಗಿಟಾರ್ ಒಂದೇನಾ, ಬಾರಿಸೋರನ್ನೂ ಕೂರಿಸಿದ್ದೀರಾ?" ಅವನು ಹೇಳಿದ ದರ ಕೇಳಿ ತಮ್ಮನ ಮುಖ ಸಪ್ಪಗಾಯಿತು. ಅಕ್ಕನಿಗೆ ಒಳಗೊಳಗೇ ಖುಷಿ.

ಆ ಖುಷಿ ಮನೆ ಮುಟ್ಟುವವರೆಗೆ ಮಾತ್ರ. ತಮ್ಮ ಎಲ್ಲವನ್ನೂ ಬಿಚ್ಚಿ ಹಾಕಿದ. "ಇದರ ಬಟ್ಟೆ ಚೀಲಕ್ಕೇ ಹಾಕಿ, ಮೇಲೊಂದು ಪೇಪರ್ ಸುತ್ತಿ ಕಳಿಸ್ತೀನಿ. ಅಗ್ಗಕ್ಕೆ ಆಗುತ್ತೆ."

"ಕುತ್ತಿಗೆ ಮುರಿಯುತ್ತೆ ಕಣೋ!"

"ಮುರಿದ್ರೆ ದುಡ್ಡು ವಾಪಸ್ ಕೊಡೋದು, ಇನ್ನೇನ್ ಮಾಡೋಕಾಗುತ್ತೆ?"

ಮುರಿಯಲಿ ಬಿಡು, ಅಂದುಕೊಂಡು ಅವಳು ಅಡುಗೆಮನೆಗೆ ಹೋದಳು. ಮುರಿದರೆ ಒಳ್ಳೆಯದೇ ಆಯಿತು, ಬರಿಗೈಯಲ್ಲಿ ಎಲ್ಲಿಗೆ ಹೋಗುತ್ತಾನೆ? ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು. ಅತ್ತ ಟೇಪು ಪರ್ರೆಂದು ಹರಿಯುವ ಸದ್ದು. ಹೇಗೆಂದರೆ ಹಾಗೆ ಸುತ್ತುತ್ತಿದ್ದಾನೆ, ಮಂಕುದಿಣ್ಣೆ! ತನ್ನ ಕಣ್ಣೆದುರೇ ಒಂದು ವಸ್ತು ಒಡೆಯಲೆಂದು ಹೊರಟರೆ ಅವಳ ಕೈ ಸುಮ್ಮನಿರುವುದುಂಟೇ? ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಸರಿ ಆ ಕಡೆ! ಮೊದಲು ತಂತಿ ಸಡಿಲ ಮಾಡು. ಬಿಗಿಯಾಗಿದ್ರೆ ಒಂದೇ ಏಟಿಗೆ ಹೋಗುತ್ತೆ."

ಹಳೆಯ ಪೇಪರ್ ಮುದುರಿ ಗಿಟಾರಿನ ಕುತ್ತಿಗೆಯ ಕೆಳಗೆ, ತಲೆಯ ಸುತ್ತ, ಸೊಂಟದ ಸಂದಿಯಲ್ಲಿ ಒತ್ತಿದಳು. ದೊಡ್ಡ ಪೆಟ್ಟಿಗೆಯನ್ನು ಕೊಯ್ದು, ಮಡಿಸಿ, ಗಿಟಾರಿನ ಮೈಗೆ ಸರಿಯಾಗಿ ಚಿಕ್ಕದು ಮಾಡಿದಳು. ಎತ್ತಿ ಅಲುಗಾಡಿಸಿ ಕಿವಿಗೊಟ್ಟಳು. ಒಳಗೆ ಏನೂ ಕದಲಲಿಲ್ಲ. ತಮ್ಮ ಅಳತೆ ನೋಡಿ, "ಅರ್ಧಕ್ಕರ್ಧ ಉಳೀತು ಕಣೇ!" ಎಂದು ಹಿಗ್ಗಿದ. ಆ ಹಿಗ್ಗು ಕಂಡು ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಯಾವಾಗ ಹೊರಡ್ತೀಯೋ?"

ಅವನು ತಲೆ ತಗ್ಗಿಸಿದ. "ಬರೋ ತಿಂಗಳು. ಹಡಗಿನಲ್ಲಿ ಕೆಲಸ, ಅಲ್ಲಿ ಕಾಲು ಚಾಚೋಕೆ ಜಾಗ ಸಿಕ್ಕಿದ್ರೆ ಹೆಚ್ಚು. ದಿನಾ ನಿಂಗೆ ಹೇಳ್ಬೇಕು ಅಂತಾನೇ ಏಳ್ತೀನಿ ಅಕ್ಕಾ. ನಿನ್ನ ಮುಖ ನೋಡಿದ್ರೆ ಬಾಯೇ ಬರಲ್ಲ."

"ನಾನೊಬ್ಬಳೇ ಹೆಂಗೋ ಇರ್ಲಿ ಈ ಮನೇಲಿ?"

ಅವಳು ಕಣ್ಣೊರೆಸಿಕೊಂಡು ಎದ್ದು, ಅಟ್ಟದ ಮೇಲಿಂದ ಸೂಟ್‌ಕೇಸು ಎಳೆದಳು.

"ನಿನ್ನ ಬಟ್ಟೆ ತಗೊಂಡ್ಬಾ."

"ಇನ್ನೂ ಒಂದು ತಿಂಗಳಿದೆಯಲ್ಲೇ."

"ಇರ್ಲಿ, ತಗೊಂಡ್ಬಾ. ಇವತ್ತು ಕೈ ಓಡ್ತಾ ಇದೆ. ಆವತ್ತು ನನ್ನ ಕೈಲಿ ಆಗಲ್ಲ."